ಫರ್ಮಿ ಮಹಾಶಯರ ಪ್ರಶ್ನೆ

ಕಳೆದ ಬೇಸಿಗೆಯಲ್ಲಿ ಒಂದು ದಿನ ನಾವು ಚಿಂಚೋಳಿಯಿಂದ ಸೇಡಮ್ಮಿಗೆ ಬರುತ್ತಿದ್ದಾಗ ನಡುರಾತ್ರಿಯ ಮೇಲೆ ಮೋಟಾರಿನ ಗಾಲಿಯೊಂದು ಗಾಳಿ ಕಳೆದುಕೊಂಡಿತು. ಚಾಲಕನು ಅದನ್ನು ಬದಲಿಸುವವರೆಗೆ ದಾರಿಯ ಮಗ್ಗುಲಲ್ಲಿ ನಿಲ್ಲದೆ ಗತಿಯಿರಲಿಲ್ಲ. ಸುತ್ತಲೂ ಎಲ್ಲಿಯೂ ದೀಪವಿಲ್ಲ; ತಲೆಯ ಮೇಲೆ ಆಕಾಶಗಂಗೆಯು ಹಿಟ್ಟು ಚೆಲ್ಲಿದಂತೆ ಹರಡಿಕೊಂಡಿತ್ತು. ಸಂಗಡವಿದ್ದ ಕಂದಾಯ ಖಾತೆಯ ಮಿತ್ರರು ಬಹಳ ಹೊತ್ತು ಮೇಲೆ ನೋಡುತ್ತಿದ್ದು, ಇಷ್ಟೊಂದು ನಕ್ಷತ್ರಗಳಿರುವಲ್ಲಿ ನಮ್ಮಂತೆ ಬುದ್ಧಿಯುಳ್ಳವರು ಮತ್ತೆಲ್ಲಿಯೂ ಇಲ್ಲವೆ, ಇದ್ದರೆ ಅವರ ಸುದ್ದಿಯು ನಮ್ಮನ್ನೇಕೆ ಮುಟ್ಟಿಲ್ಲ ಎಂದು ಕೇಳಿದರು. ಕಂದಾಯದ ಅಧಿಕಾರಿಗಳಿಗೆ ಹಾಜರಿಲ್ಲದವರ ವಿಚಾರಣೆಯು ರೂಢಿಯಾದುದರಿಂದ ಈ ಪ್ರಶ್ನೆಯು ಅವರಿಗೆ ಹೊಳೆದುದು ಸಹಜವೇ ಸರಿ. ನಾವು ಆಗ ಕೊಟ್ಟ ಉತ್ತರವು ನಮಗೇ ಒಪ್ಪಿಗೆಯಾಗಲಿಲ್ಲ. ಅದನ್ನು ಸಾವಕಾಶವಾಗಿ ಇಲ್ಲಿ ಬರೆಯುತ್ತಿದ್ದೇವೆ.

ಈ ಪ್ರಶ್ನೆಗೆ ವಿಜ್ಞಾನಪ್ರಪಂಚವು ಒಬ್ಬ ಮನುಷ್ಯರ ಹೆಸರನ್ನಿಟ್ಟಿದೆ. ಅವರೇ ಇಟಲಿಯ ಪದಾರ್ಥವಿಜ್ಞಾನಿ ಎನ್ರಿಕೊ ಫರ್ಮಿ. ಅಣುಬಾಂಬಿನ ನಿರ್ಮಾಪಕರಲ್ಲಿ ಒಬ್ಬರೆಂದು ನಮ್ಮ ವಾಚಕರಲ್ಲಿ ಅನೇಕರು ಅವರನ್ನು ಬಲ್ಲರು. ಆದರೆ ಅವರ ಜೀವಿತವನ್ನು ಈ ಪ್ರಶ್ನೆಯೊಡನೆ ಸೇರಿಸಿ ಓದಿದವರು ಕಡಮೆ. ಪ್ರಶ್ನೆಯನ್ನು ಕೇಳಿದವರು ಅವರು. ಅದರ ಉತ್ತರಗಳಲ್ಲಿ ಎರಡಕ್ಕೆ ಅವರ ಬಾಳೇ ಸಾಕ್ಷಿಯಾಗಿ ನಿಂತಿದೆ.

ಫರ್ಮಿಯವರು ೧೯೦೧ನೆಯ ಇಸವಿ ಸೆಪ್ಟೆಂಬರ್ ೨೯ರಂದು ರೋಮ್ ನಗರದಲ್ಲಿ ಹುಟ್ಟಿದರು. ತಂದೆಯವರು ರೇಲ್ವೆ ಖಾತೆಯ ಅಧಿಕಾರಿಗಳು, ತಾಯಿ ಶಾಲೆಯ ಉಪಾಧ್ಯಾಯಿನಿ. ವಾಡಿಯಲ್ಲಿಯೋ ಶಹಾಬಾದಿನಲ್ಲಿಯೋ ಕಾಣಸಿಗುವಂಥ ಮನೆತನವೆಂದರೆ ತಪ್ಪಾಗಲಾರದು. ಬಾಲಕನಿಗೆ ಒಂದು ವರ್ಷ ಹಿರಿಯನಾದ ಅಣ್ಣನೊಬ್ಬನಿದ್ದನು. ಇಬ್ಬರೂ ಕೂಡಿ ಸಣ್ಣಪುಟ್ಟ ಯಂತ್ರಗಳನ್ನು ಕಟ್ಟಿ ಆಡುತ್ತಿದ್ದರು. ೧೯೧೫ರಲ್ಲಿ ಗಂಟಲಿನ ಹುಣ್ಣಿನ ಶಸ್ತ್ರಚಿಕಿತ್ಸೆಗೆಂದು ಹೋದ ಅಣ್ಣನು ತಿರುಗಿ ಬರಲಿಲ್ಲ. ಹದಿಮೂರರ ಹುಡುಗನು ಆ ದುಃಖವನ್ನು ಯಾರೊಡನೆಯೂ ಆಡದೆ ಗ್ರಂಥಗಳಲ್ಲಿ ಮುಳುಗಿದನು. ರೋಮಿನ ಕಾಂಪೊ ದೇ ಫಿಯೋರಿ ಎಂಬ ಸಂತೆಯ ಚೌಕದಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ೧೮೪೦ರಲ್ಲಿ ಅಚ್ಚಾದ ಪದಾರ್ಥವಿಜ್ಞಾನದ ಗ್ರಂಥವೊಂದನ್ನು ಕೊಂಡು ತಂದು ಮೊದಲಿನಿಂದ ಕೊನೆಯವರೆಗೆ ಓದಿದನು. ಅದು ಲ್ಯಾಟಿನ್ ಭಾಷೆಯಲ್ಲಿದೆಯೆಂಬುದು ಓದುವ ಭರದಲ್ಲಿ ಅವನ ಲಕ್ಷ್ಯಕ್ಕೇ ಬಂದಿರಲಿಲ್ಲವೆಂದು ಅಕ್ಕನು ನಗುತ್ತ ಹೇಳುತ್ತಿದ್ದಳಂತೆ.

ಆ ಚೌಕದ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿಯುವುದು ನಮಗೆ ಸಾಧ್ಯವಿಲ್ಲ. ೧೬೦೦ನೆಯ ಇಸವಿ ಫೆಬ್ರವರಿ ೧೭ರಂದು ಜೊರ್ಡಾನೊ ಬ್ರೂನೊ ಎಂಬ ಸಂನ್ಯಾಸಿಯನ್ನು ಧರ್ಮಾಧಿಕಾರಿಗಳ ತೀರ್ಪಿನಂತೆ ಜೀವಂತವಾಗಿ ಸುಟ್ಟುದು ಅಲ್ಲಿಯೇ. ನಕ್ಷತ್ರಗಳೆಲ್ಲ ಸೂರ್ಯರೇ, ಅವುಗಳ ಸುತ್ತಲೂ ಲೋಕಗಳಿವೆ, ಆ ಲೋಕಗಳಲ್ಲಿಯೂ ಜೀವಿಗಳಿದ್ದಾವೆ ಎಂಬುದು ಬ್ರೂನೊವಿನ ಮತವಾಗಿತ್ತು. ಆತನ ಮೇಲೆ ಹೊರಿಸಿದ ಆರೋಪಗಳಲ್ಲಿ ಇದೂ ಒಂದು. ೧೮೮೯ರಿಂದ ಆತನ ಪ್ರತಿಮೆಯು ಅಲ್ಲಿ ನಿಂತಿದೆ. ಮುಂದೆ ಆ ಲೋಕವಾಸಿಗಳೆಲ್ಲಿ ಎಂದು ಕೇಳಲಿದ್ದ ಹುಡುಗನು ತನ್ನ ಮೊದಲ ಶಾಸ್ತ್ರಗ್ರಂಥವನ್ನು ಆ ಪ್ರತಿಮೆಯ ಸುತ್ತ ನೆರೆಯುವ ಸಂತೆಯಲ್ಲಿ ಕೊಂಡನು. ಇದು ಕಾಕತಾಳೀಯ, ಆದರೂ ಮರೆಯಲಾಗದಂಥದು.

ಪೀಸಾ ನಗರದ ಹೆಸರಾಂತ ವಿದ್ಯಾಸಂಸ್ಥೆಯಲ್ಲಿ ಓದಿ ೧೯೨೨ರಲ್ಲಿ ಪಂಡಿತಪದವಿಯನ್ನು ಪಡೆದ ಫರ್ಮಿಯವರು ಇಪ್ಪತ್ತೈದರ ಹರೆಯದಲ್ಲಿಯೇ ರೋಮ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು. ೧೯೨೬ರಲ್ಲಿ ಅವರು ಪ್ರಕಟಿಸಿದ ಕಣಗಣನೆಯ ಸೂತ್ರವು ನಮ್ಮವರೇ ಆದ ಸತ್ಯೇಂದ್ರನಾಥ ಬೋಸರು ೧೯೨೪ರಲ್ಲಿ ತೋರಿಸಿಕೊಟ್ಟ ಸೂತ್ರಕ್ಕೆ ಜೋಡಿಯಾದುದು. ಸೃಷ್ಟಿಯ ಕಣಗಳೆಲ್ಲವೂ ಇಂದು ಈ ಇಬ್ಬರ ಹೆಸರಿನಲ್ಲಿ ಎರಡು ಪಂಗಡಗಳಾಗಿ ಹಂಚಿಹೋಗಿವೆ. ಫರ್ಮಿಯವರ ಗಣನೆಯನ್ನೇ ಆಧಾರವಾಗಿ ಹಿಡಿದು ೧೯೩೦ರಲ್ಲಿ ಹಡಗಿನ ಮೇಲೆ ಕುಳಿತು ನಕ್ಷತ್ರಗಳ ಅಂತ್ಯದ ಲೆಕ್ಕ ಮಾಡಿದ ಸುಬ್ರಹ್ಮಣ್ಯನ್ ಚಂದ್ರಶೇಖರರು ಮುಂದೆ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಅವರ ಸಹೋದ್ಯೋಗಿಗಳೂ ಮಿತ್ರರೂ ಆದರು. ಅಲ್ಲಿಗೆ ನಾವು ಆಮೇಲೆ ಬರುವೆವು.

ಫರ್ಮಿಯವರಿಗೆ ರಾಜಕಾರಣದಲ್ಲಿ ಆಸಕ್ತಿಯಿರಲಿಲ್ಲ. ೧೯೨೯ರಲ್ಲಿ ಮುಸೊಲಿನಿಯ ಸರಕಾರವು ಅವರನ್ನು ತನ್ನ ರಾಜಮಂಡಲಿಯ ವಿದ್ವಾಂಸರನ್ನಾಗಿ ನೇಮಿಸಿದಾಗ ಅವರು ಒಪ್ಪಿಕೊಂಡರು. ಫ್ಯಾಸಿಸ್ಟ್ ಪಕ್ಷದ ಸದಸ್ಯತ್ವವನ್ನೂ ಪಡೆದರು. ಪ್ರಯೋಗಶಾಲೆಯನ್ನು ನಡೆಯಗೊಟ್ಟರೆ ಸಾಕೆಂಬ ವಿದ್ವಾಂಸರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅಂಥವರಿಂದ ಆಳುವವರಿಗೆ ಯಾವ ತೊಂದರೆಯೂ ಆಗುವುದಿಲ್ಲವೆಂಬುದನ್ನು ನಾವು ಮರೆಯಲಾರೆವು.

೧೯೩೪ರಲ್ಲಿ ನಡೆದುದೇ ನಮ್ಮ ವಿಷಯಕ್ಕೆ ಮುಖ್ಯವಾದುದು. ನ್ಯೂಟ್ರಾನ್ ಎಂಬ ಕಣಗಳನ್ನು ಒಂದೊಂದು ಧಾತುವಿನ ಮೇಲೆ ಕ್ರಮವಾಗಿ ಹಾಯಿಸಿ ಏನಾಗುವುದೆಂದು ನೋಡುತ್ತ ಫರ್ಮಿಯವರೂ ಅವರ ತರುಣ ಸಂಗಡಿಗರೂ ಕಡೆಗೆ ಯುರೇನಿಯಮ್ಮಿಗೆ ಬಂದರು. ಅದರಿಂದ ಹೊಸಬಗೆಯ ವಿಕಿರಣಗಳು ಹೊರಟವು. ಯುರೇನಿಯಮ್ಮಿಗಿಂತಲೂ ಭಾರವಾದ, ನಿಸರ್ಗದಲ್ಲಿ ಕಾಣದ ಧಾತುಗಳು ಹುಟ್ಟಿದುವೆಂದು ಅವರು ಬಗೆದರು. ಅವುಗಳಿಗೆ ಹೆಸರುಗಳನ್ನೂ ಇಟ್ಟರು. ಇಟಲಿಯ ವೃತ್ತಪತ್ರಗಳು ಇದನ್ನು ರಾಷ್ಟ್ರದ ವಿಜಯವೆಂದು ಡಂಗುರ ಹೊಡೆದವು. ನಿಜವಾಗಿ ಆದುದೇ ಬೇರೆ. ಯುರೇನಿಯಮ್ಮಿನ ಪರಮಾಣು ಎರಡಾಗಿ ಸೀಳಿತ್ತು. ಹಾಗೆ ಸೀಳುವುದು ಸಂಭವವೆಂದು ಇಡಾ ನೊಡ್ಡಾಕ್ ಎಂಬ ಜರ್ಮನ್ ರಸಾಯನವಿದುಷಿಯು ಅದೇ ವರ್ಷ ಬರೆದು ಪ್ರಕಟಿಸಿದಳು. ಯಾರೂ ಗಮನ ಕೊಡಲಿಲ್ಲ. ಅಷ್ಟೇ ಅಲ್ಲದೆ, ಆ ಪ್ರಯೋಗಶಾಲೆಯಲ್ಲಿ ಮುಂದೆ ನಡೆದ ಪರೀಕ್ಷೆಗಳಲ್ಲಿ ಯುರೇನಿಯಮ್ಮಿನ ಸಹಜವಿಕಿರಣವು ಲೆಕ್ಕಕ್ಕೆ ಅಡ್ಡಬರಬಾರದೆಂದು ಅದರ ಮೇಲೆ ತೆಳುವಾದ ಅಲ್ಯೂಮಿನಿಯಮ್ ಹಾಳೆಯನ್ನು ಹೊದಿಸಿದ್ದರು. ಸೀಳಿದ ತುಂಡುಗಳನ್ನೂ ಆ ಹಾಳೆಯೇ ತಡೆದು ನಿಲ್ಲಿಸಿತು. ಶತಮಾನದ ಅತಿದೊಡ್ಡ ಸಂಕೇತವು ಮೇಜಿನ ಮೇಲೆಯೇ ಇದ್ದಿತು. ಜಗತ್ತಿನ ಅತ್ಯಂತ ಚುರುಕಾದ ಕಣ್ಣುಗಳು ನಾಲ್ಕು ವರ್ಷಗಳ ಕಾಲ ಅದನ್ನು ಕಾಣಲಿಲ್ಲ.

೧೯೩೮ರಲ್ಲಿ ಇಟಲಿಯು ಜನಾಂಗದ್ವೇಷದ ಶಾಸನಗಳನ್ನು ಮಾಡಿತು. ಫರ್ಮಿಯವರ ಪತ್ನಿ ಲಾರಾ ಯೆಹೂದ್ಯ ಮನೆತನದವರು. ರಾಜಕಾರಣ ಬೇಡವೆಂದವರ ಮನೆಯ ಬಾಗಿಲಿಗೇ ರಾಜಕಾರಣವು ಬಂದು ನಿಂತಿತು. ಅದೇ ವರ್ಷ ಅವರಿಗೆ ನೊಬೆಲ್ ಪಾರಿತೋಷಕವು ಬಂದುದರಿಂದ ಡಿಸೆಂಬರಿನಲ್ಲಿ ಸಕುಟುಂಬರಾಗಿ ಸ್ಟಾಕ್‌ಹೋಮಿಗೆ ಹೋದವರು ರೋಮಿಗೆ ತಿರುಗದೆ ೧೯೩೯ರ ಜನವರಿ ೨ರಂದು ನ್ಯೂಯಾರ್ಕಿನಲ್ಲಿ ಇಳಿದರು. ಪಾರಿತೋಷಕಕ್ಕೆ ಕೊಟ್ಟ ಕಾರಣಗಳಲ್ಲಿ ಆ ಹೊಸ ಧಾತುಗಳೂ ಸೇರಿದ್ದವು! ಕೆಲವೇ ದಿನಗಳಲ್ಲಿ ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ನರು ಮಾಡಿದ ಪರೀಕ್ಷೆಯಿಂದಲೂ, ಲೀಜೆ ಮೈಟ್ನರ್ ಮತ್ತು ಫ್ರಿಶ್ಶರು ಕೊಟ್ಟ ವಿವರಣೆಯಿಂದಲೂ ಪರಮಾಣು ಸೀಳುವುದು ಸ್ಥಿರಪಟ್ಟಿತು. ಫರ್ಮಿಯವರು ಅಚ್ಚಿಗೆ ಹೋಗಲಿದ್ದ ತಮ್ಮ ನೊಬೆಲ್ ಉಪನ್ಯಾಸಕ್ಕೆ ಅಡಿಟಿಪ್ಪಣಿಯೊಂದನ್ನು ಸೇರಿಸಿ ಅದನ್ನು ಒಪ್ಪಿಕೊಂಡರು. ತಪ್ಪನ್ನು ಒಪ್ಪುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಇದು ಅವರ ದೊಡ್ಡ ಗುಣ.

ಮುಂದಿನ ಕಥೆಯನ್ನು ವಾಚಕರು ಬಲ್ಲರು. ೧೯೪೨ರ ಡಿಸೆಂಬರ್ ೨ರಂದು ಶಿಕಾಗೋ ವಿಶ್ವವಿದ್ಯಾನಿಲಯದ ಆಟದ ಬಯಲಿನ ಮೆಟ್ಟಿಲುಗಳ ಕೆಳಗೆ ಗ್ರಾಫೈಟು ಮತ್ತು ಯುರೇನಿಯಮ್ಮಿನ ತುಂಡುಗಳನ್ನು ಅಡಕಿ ಕಟ್ಟಿದ ಒಟ್ಟಿಲಲ್ಲಿ ಫರ್ಮಿಯವರು ಪರಮಾಣುವಿನ ಸರಣಿಕ್ರಿಯೆಯನ್ನು ಮೊದಲ ಬಾರಿಗೆ ಮನುಷ್ಯನ ಹಿಡಿತದಲ್ಲಿ ನಡೆಯಿಸಿದರು. ಇನ್ನೇನು ಕ್ರಿಯೆಯು ಹತ್ತಿಕೊಳ್ಳುವುದೆಂಬಾಗ ಊಟದ ಹೊತ್ತಾಯಿತೆಂದು ಎಲ್ಲರನ್ನೂ ಎಬ್ಬಿಸಿದ ಧೀರರವರು. ೧೯೪೫ರ ಜುಲೈ ೧೬ರಂದು ನ್ಯೂ ಮೆಕ್ಸಿಕೋ ಮರುಭೂಮಿಯಲ್ಲಿ ಮೊದಲ ಅಣುಬಾಂಬು ಸಿಡಿದಾಗ ಅವರು ಸುಮಾರು ಹತ್ತು ಮೈಲಿ ದೂರದಲ್ಲಿ ನಿಂತು ಕಾಗದದ ಚೂರುಗಳನ್ನು ಕೈಯಿಂದ ಬಿಟ್ಟರು. ಗಾಳಿಯ ಹೊಡೆತಕ್ಕೆ ಅವು ಎಷ್ಟು ದೂರ ಸರಿದವೆಂಬುದನ್ನು ನೋಡಿ, ಸಿಡಿತದ ಬಲವು ಹತ್ತು ಸಾವಿರ ಟನ್ ಸಿಡಿಮದ್ದಿನಷ್ಟೆಂದು ಅಲ್ಲಿಯೇ ಅಂದಾಜು ಮಾಡಿದರು. ನಿಜವಾದ ಬಲವು ಅದರ ಇಮ್ಮಡಿಗೆ ತುಸು ಮೇಲಾಗಿತ್ತು. ಕೈಯಲ್ಲಿ ಕಾಗದದ ಚೂರಿನ ಹೊರತು ಏನೂ ಇಲ್ಲದೆ ಮಾಡಿದ ಲೆಕ್ಕಕ್ಕೆ ಇದು ಸಣ್ಣ ತಪ್ಪು.

ಈ ಅಂದಾಜಿನ ಕಲೆಯಲ್ಲಿ ಅವರಿಗೆ ಸಮಾನರಿರಲಿಲ್ಲ. ಕಲಬುರ್ಗಿ ಪಟ್ಟಣದಲ್ಲಿ ಕ್ಷೌರಿಕರೆಷ್ಟು ಮಂದಿ ಎಂದು ಅವರನ್ನು ಕೇಳಿದ್ದರೆ, ಐದು ಲಕ್ಷ ಜನರಲ್ಲಿ ಅರ್ಧ ಗಂಡಸರೆಂದೂ, ಒಬ್ಬೊಬ್ಬನು ತಿಂಗಳಿಗೊಮ್ಮೆ ತಲೆಯೊಡ್ಡುವನೆಂದೂ, ಒಬ್ಬ ಕ್ಷೌರಿಕನು ದಿನಕ್ಕೆ ಇಪ್ಪತ್ತರಂತೆ ತಿಂಗಳಿಗೆ ಐದು ನೂರು ತಲೆಗಳನ್ನು ಮುಗಿಸುವನೆಂದೂ ಹಿಡಿದು, ಐದು ನೂರು ಮಂದಿ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದರು. ಶಿಷ್ಯರಿಗೆ ಅವರು ಕೊಡುತ್ತಿದ್ದ ಪ್ರಶ್ನೆಗಳು ಇದೇ ಮಾದರಿಯವು. ಆಕಾಶದ ಪ್ರಶ್ನೆಯೂ ಇಂಥದೇ ಲೆಕ್ಕದಿಂದ ಹುಟ್ಟಿತು.

ಆದರೆ ಅದಕ್ಕೆ ಮೊದಲು ಒಂದು ಕಹಿಯಾದ ಸಂಗತಿಯನ್ನು ಹೇಳಬೇಕಾಗಿದೆ. ೧೯೪೫ರ ಜೂನಿನಲ್ಲಿ ಬಾಂಬಿನ ಉಪಯೋಗದ ಬಗೆಗೆ ಅಮೇರಿಕದ ಸರಕಾರವು ಅಭಿಪ್ರಾಯ ಕೇಳಿದ ನಾಲ್ವರು ವಿಜ್ಞಾನಿಗಳಲ್ಲಿ ಫರ್ಮಿಯವರೂ ಒಬ್ಬರು. ಜನವಿಲ್ಲದ ಎಡೆಯಲ್ಲಿ ಸಿಡಿಸಿ ತೋರಿಸಿದರೆ ಯುದ್ಧವು ನಿಲ್ಲುವುದೆಂಬ ಭರವಸೆ ತಮಗಿಲ್ಲವೆಂದೂ, ನೇರವಾಗಿ ಯುದ್ಧದಲ್ಲಿಯೇ ಬಳಸುವುದರ ಹೊರತು ಒಪ್ಪತಕ್ಕ ಬೇರೆ ದಾರಿ ಕಾಣದೆಂದೂ ಆ ನಾಲ್ವರು ತಿಳಿಸಿದರು. ಆಗಸ್ಟ್ ೬ರಂದು ಹಿರೋಶಿಮಾ, ೯ರಂದು ನಾಗಾಸಾಕಿ ಸುಟ್ಟುಹೋದವು. ಈ ಅಭಿಪ್ರಾಯವನ್ನು ನಾವು ಸಮರ್ಥಿಸಲಾರೆವು. ೧೯೪೯ರಲ್ಲಿ ಜಲಜನಕ ಬಾಂಬಿನ ಯೋಜನೆಯು ಮುಂದೆ ಬಂದಾಗ ಫರ್ಮಿಯವರೂ ರಾಬಿಯವರೂ ಕೂಡಿ, ಅದು ಯಾವ ದೃಷ್ಟಿಯಿಂದ ನೋಡಿದರೂ ಕೆಡುಕೇ ಎಂದು ಲಿಖಿತವಾಗಿ ವಿರೋಧಿಸಿದುದನ್ನೂ ಅಷ್ಟೇ ನಿಷ್ಠೆಯಿಂದ ಹೇಳಬೇಕು. ಸರಕಾರವು ಕೇಳಲಿಲ್ಲ. ೧೯೫೦ರ ಬೇಸಿಗೆಯಲ್ಲಿ ಫರ್ಮಿಯವರು ತಾವೇ ಲಾಸ್ ಅಲಾಮೋಸಿಗೆ ಹೋಗಿ ಅದೇ ಬಾಂಬಿನ ಲೆಕ್ಕಗಳಲ್ಲಿ ನೆರವಾದರು. ಮನುಷ್ಯನ ಮನಸ್ಸು ನೇರವಾದ ಗೆರೆಯಲ್ಲ.

ಆ ಬೇಸಿಗೆಯ ಒಂದು ಮಧ್ಯಾಹ್ನ ಟೆಲ್ಲರ್, ಯಾರ್ಕ್, ಕೊನೊಪಿನ್‌ಸ್ಕಿ ಎಂಬ ಮೂವರು ವಿಜ್ಞಾನಿಗಳೊಡನೆ ಅವರು ಊಟಕ್ಕೆ ಹೊರಟಿದ್ದರು. ಹಾರುವ ತಟ್ಟೆಗಳ ಸುದ್ದಿಯು ಆಗ ಎಲ್ಲೆಡೆ ಹಬ್ಬಿತ್ತು. ಪತ್ರಿಕೆಯೊಂದರಲ್ಲಿ ಬಂದ ಹಾಸ್ಯಚಿತ್ರವನ್ನು ಕುರಿತು ನಗುತ್ತ ನಡೆದರು. ಮಾತು ಬೇರೆ ಕಡೆ ತಿರುಗಿತು. ಊಟದ ನಡುವೆ ಫರ್ಮಿಯವರು ಒಮ್ಮೆಲೆ, ಹಾಗಾದರೆ ಅವರೆಲ್ಲ ಎಲ್ಲಿದ್ದಾರೆಂದು ಕೇಳಿದರು. ಯಾರ ವಿಷಯವೆಂಬುದು ಉಳಿದವರಿಗೆ ಕೂಡಲೇ ಹೊಳೆದು ಎಲ್ಲರೂ ನಕ್ಕರು. ಆದರೆ ಲೆಕ್ಕವು ನಗುವಂಥದಾಗಿರಲಿಲ್ಲ. ನಮ್ಮ ಆಕಾಶಗಂಗೆಯಲ್ಲಿ ೧೦,೦೦೦ ಕೋಟಿಗೂ ಮಿಕ್ಕ ನಕ್ಷತ್ರಗಳಿವೆ. ಸೂರ್ಯನ ವಯಸ್ಸು ಸುಮಾರು ೪೬೦ ಕೋಟಿ ವರ್ಷ. ಆಕಾಶಗಂಗೆಯದು ಅದರ ಇಮ್ಮಡಿಗೂ ಹೆಚ್ಚು. ಅದರ ಅಡ್ಡಗಲವು ಸುಮಾರು ೧ ಲಕ್ಷ ಜ್ಯೋತಿರ್ವರ್ಷ. ಬೆಳಕಿನ ವೇಗದ ನೂರನೆಯ ಒಂದು ಪಾಲಿನಿಂದ ಸಾಗಿದರೂ ಈ ತುದಿಯಿಂದ ಆ ತುದಿಗೆ ೧ ಕೋಟಿ ವರ್ಷ ಸಾಕು. ನಮಗಿಂತ ಮೊದಲು ಎಲ್ಲಿಯಾದರೂ ಬುದ್ಧಿಜೀವಿಗಳು ಹುಟ್ಟಿ ಹೊರಟಿದ್ದರೆ ಇಷ್ಟು ಹೊತ್ತಿಗೆ ಇಲ್ಲಿಗೆ ಬಂದಿರಬೇಕಾಗಿತ್ತು. ಬಂದ ಗುರುತಿಲ್ಲ.

ಫರ್ಮಿಯವರು ಇದನ್ನು ಕುರಿತು ಏನನ್ನೂ ಬರೆದು ಪ್ರಕಟಿಸಲಿಲ್ಲ. ೧೯೮೦ರ ದಶಕದಲ್ಲಿ ಆ ಪಂಕ್ತಿಯಲ್ಲಿದ್ದ ಮೂವರನ್ನು ಕೇಳಿ ಅವರ ನೆನಪುಗಳನ್ನು ಸಂಗ್ರಹಿಸದೆ ಇದ್ದರೆ ಆ ಮಧ್ಯಾಹ್ನದ ವಿವರವೇ ಅಳಿದುಹೋಗುತ್ತಿತ್ತು.

ಉತ್ತರಗಳು ಅನೇಕ. ನಮ್ಮ ಭಾಗದ ವಾಚಕರಿಗೆ ಅವುಗಳನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ಶಹಾಬಾದಿನ ಫರಸಿಯನ್ನೇ ನೋಡಿರಿ. ಕಚೇರಿಯಲ್ಲಿ, ಮನೆಯಲ್ಲಿ, ರೇಲ್ವೆ ಫಲಾಟಿನಲ್ಲಿ ನಾವು ದಿನವೂ ತುಳಿಯುವ ಆ ಸುಣ್ಣಗಲ್ಲು, ವಾಡಿ ಸೇಡಮ್ಮುಗಳ ಸಿಮೆಂಟಿಗೆ ಮೂಲವಾದ ಆ ಕಲ್ಲು, ಒಂದು ಕಾಲಕ್ಕೆ ಆಳವಿಲ್ಲದ ಸಮುದ್ರದ ತಳದಲ್ಲಿ ಇಳಿದು ಕುಳಿತ ಕೆಸರು. ಅದು ೫೪ ಕೋಟಿ ವರ್ಷಗಳಿಗೂ ಹಿಂದಿನದು. ಎಷ್ಟು ಕಲ್ಲು ಕಡಿದರೂ ಅದರಲ್ಲಿ ಮೀನಿನ ಎಲುಬಾಗಲಿ ಶಂಖದ ಚಿಪ್ಪಾಗಲಿ ಸಿಕ್ಕುವುದಿಲ್ಲ. ಏಕೆಂದರೆ ಆಗ ಅಂಥ ಪ್ರಾಣಿಗಳೇ ಇರಲಿಲ್ಲ. ಭೂಮಿಯ ಮೇಲೆ ಜೀವವು ತೋರಿ ೩೫೦ ಕೋಟಿ ವರ್ಷಗಳಾದರೂ ಅದರ ಬಹುಭಾಗವು ಕಣ್ಣಿಗೆ ಕಾಣದ ಅಣುಜೀವಿಗಳ ಮತ್ತು ಪಾಚಿಯ ಆಳಿಕೆಯೇ. ಆ ಸಮುದ್ರದ ಮೇಲೆ ಬೇರೊಂದು ಲೋಕದ ಯಾತ್ರಿಕನು ಹಾದುಹೋಗಿದ್ದರೆ ಇಲ್ಲಿ ಮಾತನಾಡಿಸತಕ್ಕವರು ಯಾರೂ ಇಲ್ಲವೆಂದು ಬರೆದುಕೊಂಡು ಮುಂದೆ ಸಾಗುತ್ತಿದ್ದನು. ೧೯೯೫ರಿಂದೀಚೆಗೆ ಬೇರೆ ಸೂರ್ಯರ ಸುತ್ತ ಆರು ಸಾವಿರದಷ್ಟು ಗ್ರಹಗಳು ಪತ್ತೆಯಾಗಿವೆ. ಅವುಗಳಲ್ಲಿ ಎಷ್ಟು ಇನ್ನೂ ಶಹಾಬಾದಿನ ಕೆಸರಿನ ಕಾಲದಲ್ಲಿಯೇ ಇರಬಹುದು!

ಎರಡನೆಯ ಉತ್ತರವು ಆಯುಸ್ಸಿನದು. ೧೯೬೦ರಲ್ಲಿ ಫ್ರಾಂಕ್ ಡ್ರೇಕ್ ಎಂಬ ತರುಣರು ಅಮೇರಿಕದಲ್ಲಿ ರೇಡಿಯೋ ದೂರದರ್ಶಕವನ್ನು ಎರಡು ನಕ್ಷತ್ರಗಳ ಕಡೆ ತಿರುಗಿಸಿ ಕಿವಿಗೊಟ್ಟರು, ಏನೂ ಕೇಳಿಸಲಿಲ್ಲ. ಮರುವರ್ಷ ಅವರು ರಚಿಸಿದ ಲೆಕ್ಕದ ಸೂತ್ರದಲ್ಲಿ ಕೊನೆಯ ಅಂಶವು, ಸಂಕೇತ ಕಳುಹಿಸಬಲ್ಲ ನಾಗರಿಕತೆಯು ಎಷ್ಟು ಕಾಲ ಬದುಕುವುದೆಂಬುದು. ಸೇಡಂ ತಾಲೂಕಿನವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿ ಒಂದೂವರೆ ಶತಮಾನ ಮೆರೆಯಿತು. ನೃಪತುಂಗನ ಆಳಿಕೆಯಲ್ಲಿ ಮಹಾವೀರಾಚಾರ್ಯನು ಗಣಿತಗ್ರಂಥವನ್ನು ರಚಿಸಿದನು. ಅರಬ್ಬರ ಬರಹಗಳಲ್ಲಿಯೂ ಆ ದೊರೆಗಳ ಕೀರ್ತಿಯಿದೆ. ೯೭೨ರಲ್ಲಿ ಪರಮಾರ ಸೀಯಕನು ನಗರವನ್ನು ಸೂರೆಮಾಡಿದನು. ಅನಂತರ ಬಂದ ಪರಸ್ಥಳದವನಿಗೆ ಕಂಡುದು ಕೋಟೆಯ ಗೋಡೆ ಮತ್ತು ಹಳ್ಳಿ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ಹೊರಟುಹೋದ ಮೇಲೆ ಬಂದ ಪ್ರಯಾಣಿಕನು ಈ ದಾರಿಯಲ್ಲಿ ಗಾಡಿಯೇ ಓಡುವುದಿಲ್ಲವೆಂದು ತೀರ್ಮಾನಿಸಿದರೆ ಹೇಗೋ ಹಾಗೆ. ನಾವು ರೇಡಿಯೋ ಸಂಕೇತಗಳನ್ನು ಕಲಿತು ನೂರಿಪ್ಪತ್ತೈದು ವರ್ಷಗಳೇ ಆದವು. ಅಷ್ಟರೊಳಗೆ ನಮ್ಮನ್ನು ನಾವೇ ಸುಡುವ ಸಾಧನವೂ ಕೈಗೆ ಬಂದಿತು. ಆಕಾಶದ ಮೌನಕ್ಕೆ ಇದೇ ಕಾರಣವಿರಬಹುದೆಂದು ಶಂಕಿಸುವವರು ಅನೇಕರಿದ್ದಾರೆ. ಆ ಪ್ರಶ್ನೆಯನ್ನು ಕೇಳಿದ ಊಟದ ಮನೆಯು ಆ ಸಾಧನವು ಹುಟ್ಟಿದ ಊರಿನಲ್ಲಿಯೇ ಇತ್ತು. ಕೇಳಿದವರು ಅದನ್ನು ಕಟ್ಟಿದವರಲ್ಲಿ ಒಬ್ಬರು.

ಮೂರನೆಯದು ನಮಗೆ ಎಲ್ಲಕ್ಕಿಂತ ಮನಸ್ಸಿಗೆ ಒಪ್ಪಿದುದು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ತೀರದ ಚಂದ್ರಲಾಂಬೆಯ ಆವರಣದಲ್ಲಿ, ಕಾಳಿಯ ಗುಡಿಯ ಚಾವಣಿಯು ೧೯೮೦ರ ದಶಕದಲ್ಲಿ ಕುಸಿಯಿತು. ದೇವಿಯ ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು! ಇಪ್ಪತ್ತೆರಡು ಶತಮಾನಗಳ ಹಿಂದೆ, ಓದುವವರಿಗಾಗಿಯೇ ಕೆತ್ತಿಸಿದ ಮಾತುಗಳವು. ಬ್ರಾಹ್ಮೀಲಿಪಿಯನ್ನು ಪ್ರಿನ್ಸೆಪ್ಪನು ೧೮೩೭ರಲ್ಲಿಯೇ ಬಿಡಿಸಿದ್ದನು; ವಿದ್ವಾಂಸರು ದೇಶವೆಲ್ಲ ಸುತ್ತಿ ಅಶೋಕನ ಶಾಸನಗಳನ್ನು ಹುಡುಕಿದರು. ಇಲ್ಲಿಯ ಕಲ್ಲು ಮಾತ್ರ ಕುಂಕುಮ ಎಣ್ಣೆಗಳ ಕೆಳಗೆ ದಿನವೂ ಪೂಜೆಗೊಳ್ಳುತ್ತ ಮೌನವಾಗಿದ್ದಿತು. ಸಂಕೇತವಿರಲಿಲ್ಲವೆ? ಇತ್ತು. ಕಳುಹಿಸಿದವನು ಅಲ್ಪನೆ? ಅಲ್ಲ. ನೋಡುವವರು ನೋಡಬೇಕಾದ ಕಡೆ ನೋಡಿರಲಿಲ್ಲ, ಅಷ್ಟೆ. ರೋಮಿನ ಮೇಜಿನ ಮೇಲೆ ಅಲ್ಯೂಮಿನಿಯಮ್ ಹಾಳೆಯ ಕೆಳಗೆ ಅಡಗಿದ್ದುದೂ ಇದೇ ಬಗೆಯದು. ನಕ್ಷತ್ರಗಳ ಸಂಖ್ಯೆ, ಕೇಳಬೇಕಾದ ತರಂಗಗಳ ಸಂಖ್ಯೆ, ಕೇಳಬೇಕಾದ ಗಳಿಗೆಗಳ ಸಂಖ್ಯೆ ಇವನ್ನು ಗುಣಿಸಿದರೆ ನಾವು ಇದುವರೆಗೆ ಹುಡುಕಿದುದು ಅತ್ಯಲ್ಪ. ೧೯೭೭ರ ಆಗಸ್ಟ್ ೧೫ರಂದು, ನಮ್ಮ ಸ್ವಾತಂತ್ರ್ಯದ ಮೂವತ್ತು ವರ್ಷ ತುಂಬಿದ ದಿನ, ಅಮೇರಿಕದ ಓಹಾಯೋ ಪ್ರಾಂತದ ದೂರದರ್ಶಕವು ೭೨ ಸೆಕೆಂಡುಗಳ ಕಾಲ ಪ್ರಬಲವಾದ ಸಂಕೇತವೊಂದನ್ನು ಹಿಡಿಯಿತು. ಅದು ಮತ್ತೆ ಕೇಳಿಸಿಲ್ಲ. ಅದು ಏನೆಂಬುದೂ ಇತ್ಯರ್ಥವಾಗಿಲ್ಲ. ಆದಕಾರಣ ಯಾರೂ ಇಲ್ಲವೆಂದು ಷರಾ ಬರೆದು ಕಡತವನ್ನು ಮುಚ್ಚುವುದು ಅವಸರವಾದೀತೆಂದು ನಮ್ಮ ಮಿತ್ರರಿಗೆ ಸೂಚಿಸುತ್ತೇವೆ.

ಫರ್ಮಿಯವರು ಶಿಕಾಗೋದಲ್ಲಿ ಕೊನೆಯ ವರ್ಷಗಳನ್ನು ಕಳೆದರು. ಆಕಾಶಗಂಗೆಯ ತೋಳುಗಳಲ್ಲಿಯ ಅಯಸ್ಕಾಂತಶಕ್ತಿಯ ಮೇಲೆ ೧೯೫೩ರಲ್ಲಿ ಚಂದ್ರಶೇಖರರೊಡನೆ ಕೂಡಿ ಪ್ರಬಂಧ ಬರೆದರು. ಮರುವರ್ಷ ಹೊಟ್ಟೆಯ ಕ್ಯಾನ್ಸರು ಕಾಣಿಸಿತು. ಶಸ್ತ್ರವೈದ್ಯರು ಹೊಟ್ಟೆಯನ್ನು ತೆರೆದು ನೋಡಿ ಉಪಾಯವಿಲ್ಲವೆಂದು ಮುಚ್ಚಿದರು. ಆಸ್ಪತ್ರೆಯಲ್ಲಿ ಕಾಣಹೋದ ಚಂದ್ರಶೇಖರರು ಏನು ಮಾತನಾಡಬೇಕೆಂದು ತಿಳಿಯದೆ ನಿಂತಾಗ, ಮುಂದಿನ ಜನ್ಮದಲ್ಲಿ ತಾನು ಆನೆಯಾಗಿ ಹುಟ್ಟುವೆನೇ ಎಂದು ಕೇಳಿ ಫರ್ಮಿಯವರೇ ಅವರ ಮುಜುಗರವನ್ನು ಕಳೆದರಂತೆ. ನಳಿಗೆಯಿಂದ ಶರೀರಕ್ಕಿಳಿಯುತ್ತಿದ್ದ ಆಹಾರದ್ರವದ ಹನಿಗಳನ್ನು ಗಡಿಯಾರ ಹಿಡಿದು ಎಣಿಸುತ್ತಿದ್ದುದನ್ನು ಸೆಗ್ರೆ ಎಂಬ ಹಳೆಯ ಸಂಗಡಿಗರು ಕಂಡರು. ೧೯೫೪ರ ನವೆಂಬರ್ ೨೮ರಂದು, ೫೩ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಅವರು ವಿರೋಧಿಸಿದ್ದ ಜಲಜನಕ ಬಾಂಬನ್ನು ೧೯೫೨ರ ನವೆಂಬರಿನಲ್ಲಿ ಶಾಂತಸಾಗರದ ದ್ವೀಪವೊಂದರಲ್ಲಿ ಸಿಡಿಸಿದ್ದರು. ಅದರ ಬೂದಿಯಲ್ಲಿ ಸಿಕ್ಕ ನೂರನೆಯ ಧಾತುವಿಗೆ ೧೯೫೫ರಲ್ಲಿ ಅವರ ಹೆಸರನ್ನಿಟ್ಟರು. ಆ ಧಾತುವಿನ ರೂಪಗಳಲ್ಲಿ ಅತ್ಯಂತ ದೀರ್ಘಾಯುವಾದುದು ನೂರು ದಿನಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ.